ದವಡೆಯ ಕೀಲು ಕಲಿಸಿದ ಪಾಠ

ಕಣ್ಣು ನೋಯದವನು ಕಣ್ಣನ್ನು ನೆನೆಯುವುದಿಲ್ಲ. ಕಾಲು ನೋಯದವನು ಕಾಲನ್ನು ನೆನೆಯುವುದಿಲ್ಲ. ಯಾವ ಅಂಗವು ತನ್ನ ಕಾರ್ಯವನ್ನು ಮೌನವಾಗಿ ಮಾಡಿಕೊಂಡು ಹೋಗುವುದೋ ಆ ಅಂಗವನ್ನು ಮರೆಯುವುದು ಮನುಷ್ಯ ಸ್ವಭಾವ. ನನ್ನ ಅರವತ್ತೈದನೆಯ ವಯಸ್ಸಿನವರೆಗೆ ನನ್ನ ಎರಡೂ ಕಿವಿಗಳ ಮುಂದೆ ಒಂದೊಂದು ಕೀಲು ಇದೆಯೆಂಬುದನ್ನು ನಾನು ಒಮ್ಮೆಯಾದರೂ ನೆನೆದವನಲ್ಲ. ಆ ಕೀಲುಗಳ ಉಪಕಾರದಿಂದಲೇ ಉಂಡೆ, ಮೂವತ್ತೆರಡು ವರ್ಷ ಸಂಸ್ಕೃತ ಪಾಠ ಹೇಳಿದೆ, ಊರೂರುಗಳಲ್ಲಿ ಶ್ರಾವಣ ಮಾಸದ ಪ್ರವಚನ ಮಾಡಿದೆ. ಅವು ಮುನಿದ ದಿನ ಉಣ್ಣುವುದೂ ನಿಂತಿತು, ಮಾತೂ ನಿಂತಿತು. ಈ ವೃತ್ತಾಂತವನ್ನು ಮಾಸಿಕದ ವಾಚಕ ಬಂಧುಗಳ ಮುಂದಿಡುವುದು ನನ್ನ ಕಷ್ಟವನ್ನು ಹೇಳಿಕೊಳ್ಳುವ ಹಂಬಲದಿಂದಲ್ಲ. ಇಂಥ ನೋವು ಅನೇಕ ಮನೆಗಳಲ್ಲಿ ಇದೆ. ಅದನ್ನು ಹಲ್ಲಿನ ನೋವೆಂದೋ ಕಿವಿಯ ನೋವೆಂದೋ ತಿಳಿದು ವೃಥಾ ಬಳಲುವವರು ಬಹಳ. ಅವರಲ್ಲಿ ಒಬ್ಬರಿಗಾದರೂ ದಾರಿ ತೋರಿದರೆ ಬರೆದ ಶ್ರಮ ಸಾರ್ಥಕ.

2023ರ ಮಕರ ಸಂಕ್ರಮಣದ ದಿನ. ನಮ್ಮ ಧಾರವಾಡದ ಕಡೆ ಸಂಕ್ರಮಣವೆಂದರೆ ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಊಟದ ನಂತರ ಕಬ್ಬು. ಮೊಮ್ಮಕ್ಕಳ ಎದುರಿಗೆ ನನ್ನ ಹಲ್ಲಿನ ಬಲವನ್ನು ಪ್ರದರ್ಶಿಸುವ ಚಾಪಲ್ಯದಿಂದ ಕಬ್ಬಿನ ಗಣಿಕೆಯನ್ನು ಎಡದವಡೆಯಿಂದ ಸಿಗಿದೆ. ಕಿವಿಯೊಳಗೆ ಒಣಗಿದ ಕಡ್ಡಿ ಮುರಿದಂತೆ ‘ಕಟ್’ ಎಂದಿತು. ಆ ಸಪ್ಪಳ ನನಗೆ ಹೊಸದಲ್ಲ. ಮೂರು ನಾಲ್ಕು ವರ್ಷಗಳಿಂದ ಆಕಳಿಸುವಾಗ, ರೊಟ್ಟಿ ಅಗಿಯುವಾಗ ಅದು ಕೇಳುತ್ತಿತ್ತು. “ಏನ್ರೀ, ನಿಮ್ಮ ದವಡಿ ಸಪ್ಪಳ ಇಲ್ಲಿತನಕಾ ಕೇಳಸ್ತೈತಿ” ಎಂದು ನಮ್ಮ ಮನೆಯವರು ಅಡುಗೆಮನೆಯಿಂದ ನಗುತ್ತಿದ್ದರು. ನೋವಿರಲಿಲ್ಲವಾದ್ದರಿಂದ ನಾನೂ ನಗುತ್ತಿದ್ದೆ. ಈ ಸಲ ನೋವು ಬಂದಿತು. ಕಿವಿಯಿಂದ ಹೊರಟು ಕಣತಲೆಗೆ ಏರಿ, ಕೆನ್ನೆಯಲ್ಲಿ ಇಳಿದು, ಕೆಳಗಿನ ದವಡೆಹಲ್ಲಿನಲ್ಲಿ ಬಂದು ನೆಲೆಸಿತು.

ಹಲ್ಲಿನಲ್ಲಿ ನೆಲೆಸಿದ್ದರಿಂದ ಹಲ್ಲೇ ಅಪರಾಧಿ ಎಂದು ನಾನು ತೀರ್ಪು ಕೊಟ್ಟೆ. ಒಂದು ದಂತ ಚಿಕಿತ್ಸಾಲಯಕ್ಕೆ ಹೋಗಿ, ಕೊನೆಯ ದವಡೆಹಲ್ಲನ್ನು ಕಿತ್ತುಬಿಡಿರೆಂದು ಹಟ ಹಿಡಿದೆ. ಹಲ್ಲಿನಲ್ಲಿ ಅಂಥ ದೋಷವೇನೂ ಕಾಣದೆಂದು ಆ ವೈದ್ಯರು ಮೊದಲು ಅನುಮಾನಿಸಿದರೂ ನನ್ನ ವಯಸ್ಸಿಗೂ ಮಾತಿಗೂ ಮಣಿದು ಕಿತ್ತರು. ಅವರು ನನ್ನ ಮಾತು ಕೇಳಬಾರದಾಗಿತ್ತು. ನಾನು ಆ ಮಾತನ್ನು ಆಡಬಾರದಾಗಿತ್ತು. ಹಲ್ಲು ಹೋಯಿತು, ನೋವು ಉಳಿಯಿತು. ಮಾರ್ಚ್ ತಿಂಗಳಲ್ಲಿ ಕಿವಿಯ ತಜ್ಞರನ್ನು ಕಂಡೆ. ಅವರು ದೀಪ ಹಿಡಿದು ನೋಡಿ, ಕಿವಿ ಹದಿನಾರರ ಹುಡುಗನ ಕಿವಿಯಂತಿದೆ ಎಂದು ಹೇಳಿ ಕಳಿಸಿದರು.

ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಎದ್ದಾಗ ದವಡೆಯ ಸಪ್ಪಳ ನಿಂತಿತ್ತು. ಸಂತೋಷಪಟ್ಟೆ. ಆದರೆ ಮುಖ ತೊಳೆಯಲು ಹೋದಾಗ ಬಾಯಿಯೂ ನಿಂತಿತ್ತು. ಎರಡು ಬೆರಳು ಹಿಡಿಸುವಷ್ಟೂ ತೆರೆಯಲೊಲ್ಲದು; ಬಲವಂತವಾಗಿ ತೆರೆದರೆ ಗದ್ದವು ಎಡಕ್ಕೆ ಓಡುವುದು. ತುತ್ತು ಬಾಯಿಗೆ ಇಡುವುದು ಕಷ್ಟವಾಯಿತು. ‘ಆ’ಕಾರವನ್ನು ಪೂರ್ಣವಾಗಿ ಉಚ್ಚರಿಸಲಾಗದವನು ಪ್ರವಚನಕಾರನೆಂತು? ಆ ವರ್ಷದ ಶ್ರಾವಣದಲ್ಲಿ ಗದಗ ಜಿಲ್ಲೆಯ ಒಂದು ಊರಿನಲ್ಲಿ ತಿಂಗಳ ಪರ್ಯಂತ ಪ್ರವಚನ ಮಾಡುವೆನೆಂದು ಯುಗಾದಿಯಲ್ಲಿಯೇ ಮಾತು ಕೊಟ್ಟಿದ್ದೆ. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವುದಕ್ಕೂ ಬಾಯಿ ಬೇಕಷ್ಟೆ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒತ್ತಾಯದಿಂದ ನನ್ನನ್ನು ಒಂದು ದಂತ ಮಹಾವಿದ್ಯಾಲಯಕ್ಕೆ ಕರೆದೊಯ್ದನು. ಅಲ್ಲಿಯ ಹಿರಿಯ ಪ್ರಾಧ್ಯಾಪಕರು ಮೊದಲು ಹಲ್ಲನ್ನು ನೋಡಲಿಲ್ಲ, ಪ್ರಶ್ನೆಗಳನ್ನು ಕೇಳಿದರು. ಮೆಟ್ಟಿಲು ಹತ್ತುವಾಗ ದವಡೆ ನೋಯುವುದೆ? ಹಾಗಿದ್ದರೆ ಅದು ಹೃದಯದ ಸೂಚನೆಯಾಗಿರಬಹುದು. ಕಣತಲೆಯ ನೋವಿನೊಡನೆ ಕಣ್ಣು ಮಂಜಾಗುವುದೆ? ಐವತ್ತು ದಾಟಿದವರಲ್ಲಿ ಅದು ರಕ್ತನಾಳದ ಉರಿಯೂತವಾಗಿರಬಹುದು. ತಡಮಾಡಿದರೆ ದೃಷ್ಟಿಯೇ ಹೋದೀತು. ಜ್ವರ, ಬಾವು, ಮುಖದಲ್ಲಿ ಜೋಮು ಇವೆಯೆ? ಎಲ್ಲಕ್ಕೂ ಇಲ್ಲವೆಂದೆ. ಕೊನೆಗೆ, “ಎಲೆ ಅಡಿಕೆ ಹಾಕುತ್ತೀರಾ?” ಎಂದರು. ಊಟದ ನಂತರ ಹಾಕುವ ರೂಢಿ ನಲವತ್ತು ವರ್ಷದ್ದು ಎಂದು ಒಪ್ಪಿಕೊಂಡೆ. ಅವರು ಕೆನ್ನೆಯ ಒಳಭಾಗವನ್ನು ಬೆರಳಿನಿಂದ ಬಹಳ ಹೊತ್ತು ಒತ್ತಿ ನೋಡಿದರು. ಅಡಿಕೆ, ಗುಟಕಾ ಅಗಿಯುವವರಲ್ಲಿ ಕೆನ್ನೆಯ ಒಳಪದರು ಬೆಳ್ಳಗಾಗಿ, ಪಟ್ಟಿ ಪಟ್ಟಿಯಾಗಿ ಬಿಗಿದು, ಬಾಯಿ ಮೆಲ್ಲಮೆಲ್ಲನೆ ಮುಚ್ಚುತ್ತ ಬರುವ ಬೇರೊಂದು ರೋಗವಿದೆಯಂತೆ. ಅದು ಅರ್ಬುದಕ್ಕೆ ದಾರಿಯಾಗಬಲ್ಲದು. ಅಡಿಕೆಯು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿಯೇ ಪ್ರಕಟಿಸಿದೆ. ನನ್ನ ಕೆನ್ನೆ ಮೆತ್ತಗಿತ್ತು, ಆ ಭಯವಿಲ್ಲವೆಂದರು. ಆದರೂ ಆ ದಿನವೇ ತಾಂಬೂಲದ ತಟ್ಟೆಗೆ ಕೈ ಮುಗಿದೆ. ಮನೆಯಲ್ಲಿ ಅಡಿಕೆ ಅಗಿಯುವವರ ಬಾಯಿ ತೆರೆಯುವುದು ಕಡಿಮೆಯಾಗುತ್ತಿದ್ದರೆ ಒಂದು ದಿನವನ್ನೂ ಕಳೆಯದೆ ತೋರಿಸಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ.

ಆಮೇಲೆ ಅವರು ತಮ್ಮ ಎರಡು ಬೆರಳುಗಳನ್ನು ನನ್ನ ಕಿವಿಗಳ ಮುಂದೆ ಇಟ್ಟು ಬಾಯಿ ತೆರೆಯಿರಿ, ಮುಚ್ಚಿರಿ ಎಂದರು. “ನಿಮ್ಮದು ಹಲ್ಲಿನ ರೋಗವಲ್ಲ, ದವಡೆಯ ಕೀಲಿನದು” ಎಂದು ನಿರ್ಣಯಿಸಿ, ಗೋಡೆಯ ಮೇಲಿನ ಚಿತ್ರವನ್ನು ತೋರಿಸಿ ವಿವರಿಸಿದರು. ಕೆಳದವಡೆಯು ಒಂದೇ ಎಲುಬು. ಅದರ ಎರಡು ತುದಿಗಳು ಕಿವಿಗಳ ಮುಂದೆ ತಲೆಬುರುಡೆಯ ಎರಡು ಕುಳಿಗಳಲ್ಲಿ ಕೂಡಿವೆ. ಆದ್ದರಿಂದ ಒಂದು ಕಡೆಯ ಕೀಲು ಮುನಿದರೆ ಇನ್ನೊಂದು ಕಡೆಯದೂ ಸುಖವಾಗಿರಲಾರದು. ಎಲುಬು ಎಲುಬಿಗೆ ತಾಗದಂತೆ ನಡುವೆ ಗಟ್ಟಿ ನಾರಿನ ಒಂದು ಪುಟ್ಟ ಗಾದಿ ಇದೆ. ಬಾಯಿ ತೆರೆಯುವಾಗ ಎಲುಬಿನ ತುದಿ ಮೊದಲು ಇದ್ದಲ್ಲಿಯೇ ತಿರುಗುತ್ತದೆ. ಬಳಿಕ ಆ ಗಾದಿಯೊಡನೆ ಮುಂದಕ್ಕೆ ಜಾರುತ್ತದೆ. ಗಾದಿಯು ತನ್ನ ಸ್ಥಾನದಿಂದ ಮುಂದೆ ಸರಿದಿದ್ದರೆ, ಎಲುಬು ಅದರ ಮೇಲೆ ಹತ್ತುವಾಗ ‘ಕಟ್’ ಎನ್ನುತ್ತದೆ. ಮುಂದೊಂದು ದಿನ ಹತ್ತಲಾಗದೆ ಹಿಂದೆಯೇ ಉಳಿದರೆ ಸಪ್ಪಳವೂ ನಿಲ್ಲುತ್ತದೆ, ಬಾಯಿಯೂ ಕಟ್ಟುತ್ತದೆ. ನಾನು ಸಂತೋಷಪಟ್ಟ ಆ ಮೌನವು ರೋಗವು ವಾಸಿಯಾದ ಮೌನವಲ್ಲ, ಮುಂದುವರಿದ ಮೌನ. ಕಿವಿಯೂ ಹಲ್ಲೂ ನೋಯುವುದೇಕೆಂದರೆ, ಕೀಲಿಗೆ, ಕಿವಿಯ ಮುಂಭಾಗಕ್ಕೆ, ಹಲ್ಲುಗಳಿಗೆ ಹೋಗುವ ನರಗಳು ಒಂದೇ ದೊಡ್ಡ ನರದ ಕವಲುಗಳು. ಬೇರು ಒಂದೇ ಆದಾಗ ಯಾವ ಕೊಂಬೆ ಅಲುಗಿತೆಂದು ಮೆದುಳು ತಪ್ಪು ತಿಳಿಯುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ಮೂಗು ಗಂಟಲಿನ ವೈದ್ಯ ಜೇಮ್ಸ್ ಕಾಸ್ಟನ್ ಎಂಬವರು 1934ರಲ್ಲಿಯೇ ಕಿವಿಯ ನೋವಿಗೂ ಈ ಕೀಲಿಗೂ ಇರುವ ಸಂಬಂಧವನ್ನು ಬರೆದಿದ್ದರಂತೆ. ದವಡೆಹಲ್ಲು ಹೋಗಿ ಕಚ್ಚು ಕೆಟ್ಟುದೇ ಇದಕ್ಕೆ ಕಾರಣವೆಂದು ಅವರು ಹೇಳಿದ ಮಾತನ್ನು ಮುಂದಿನವರು ಒಪ್ಪಲಿಲ್ಲ. ಕಾರಣಗಳು ಅನೇಕವೆಂದು ಈಗಿನ ತಿಳುವಳಿಕೆ. ನನಗಾದರೋ ಇದನ್ನು ಕೇಳುವಾಗ ಸುಶ್ರುತಸಂಹಿತೆಯ ಶಾರೀರಸ್ಥಾನವು ನೆನಪಿಗೆ ಬಂದು ನಾಚಿಕೆಯಾಯಿತು. ಅಲ್ಲಿ ದೇಹದ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ದವಡೆಯ ಎರಡು ಸಂಧಿಗಳಿಗೆ ‘ವಾಯಸತುಂಡ’, ಅಂದರೆ ಕಾಗೆಯ ಕೊಕ್ಕು ಎಂದು ಹೆಸರಿಟ್ಟಿದ್ದಾರೆ. ಆ ಸಮಾಸವನ್ನು ಎಷ್ಟೋ ವರ್ಷ ತರಗತಿಯಲ್ಲಿ ಬಿಡಿಸಿದವನು ನಾನು. ಸಮಾಸ ಬಿಡಿಸಲು ಬಂದಿತು, ಸಂಧಿ ಬಿಡಿಸಲು ಬರಲಿಲ್ಲ!

ಶಸ್ತ್ರಚಿಕಿತ್ಸೆ ಬೇಕಾದೀತೆ ಎಂದು ಅಂಜುತ್ತ ಕೇಳಿದೆ. “ನೂರಕ್ಕೆ ಬಹುಪಾಲು ಜನರಿಗೆ ಬೇಡ. ಬಿಸಿ ಶಾಖ, ಮೆತ್ತನೆಯ ಊಟ, ವ್ಯಾಯಾಮ, ರೂಢಿಯ ತಿದ್ದುಪಡಿ ಇಷ್ಟೇ” ಎಂದು ಹೇಳಿ, ಫಿಜಿಯೋಥೆರಪಿ ವಿಭಾಗಕ್ಕೆ ಚೀಟಿ ಬರೆದರು. ಕೀಲುನೋವಿಗೆ, ಪಾರ್ಶ್ವವಾಯುವಿಗೆ ಫಿಜಿಯೋಥೆರಪಿ ಮಾಡುವುದನ್ನು ಕಂಡಿದ್ದೆ. ಬಾಯಿಗೂ ಉಂಟೆಂಬುದು ಅಂದೇ ತಿಳಿದದ್ದು.

ಜೂನ್ 16ರಂದು ಅಲ್ಲಿಗೆ ಹೋದೆ. ನನ್ನ ಮೊಮ್ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ತರುಣಿಯೊಬ್ಬಳು ಅಲ್ಲಿದ್ದಳು. ಒಂಬತ್ತನೆಯ ವಯಸ್ಸಿನಿಂದ ಮಠದ ಪ್ರಸಾದನಿಲಯದಲ್ಲಿ ಬೆಳೆದವನು ನಾನು. ಅಪರಿಚಿತ ತರುಣಿಯು ಮುಖ ಮುಟ್ಟಿ, ಬಾಯಿಯೊಳಗೆ ಬೆರಳಿಡುವಳೆಂದು ತಿಳಿದಾಗ ಸಂಕೋಚದಿಂದ ಕುರ್ಚಿಯ ಅಂಚಿನಲ್ಲಿ ಕುಳಿತೆ. ಅವಳು ಅದನ್ನು ಗಮನಿಸಿ, “ಅಜ್ಜಾರ, ನೀವು ಹುಡುಗರಿಗೆ ಅಕ್ಷರ ತಿದ್ದಿಸಿದಂಗ ನಾನು ನಿಮ್ಮ ದವಡಿಗೆ ತಿದ್ದಿಸ್ತೀನಿ. ಇಲ್ಲಿ ನಾನು ಮಾಸ್ತರಳು, ನೀವು ಒಂದನೇ ಇಯತ್ತೆ” ಎಂದಳು. ಆ ಮಾತಿಗೆ ನನ್ನ ಸಂಕೋಚವೂ ಪಾಂಡಿತ್ಯವೂ ಒಟ್ಟಿಗೆ ಕರಗಿದವು.

ಅಳತೆಪಟ್ಟಿಯನ್ನು ಹಿಡಿದು ನೋಡಿದಳು. ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ 24 ಮಿಲಿಮೀಟರ್. ದೊಡ್ಡವರಿಗೆ 40 ಮಿಲಿಮೀಟರ್ ಅಥವಾ ಹೆಚ್ಚು ಇರಬೇಕಂತೆ. ಮನೆಯಲ್ಲಿ ನೋಡಿಕೊಳ್ಳಲು ತಮ್ಮ ತಮ್ಮ ಮೂರು ಬೆರಳಿನ ಅಗಲ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ವಸ್ತ್ರವನ್ನು ಹದಿನೈದು ನಿಮಿಷ ಕೆನ್ನೆಗಳ ಮೇಲಿಟ್ಟಳು. ಆಮೇಲೆ ಕೈಗವಸು ಧರಿಸಿ, ಕೆನ್ನೆಯ ಒಳಗೊಂದು ಹೊರಗೊಂದು ಬೆರಳಿಟ್ಟು, ಅಗಿಯುವ ಸ್ನಾಯುವಿನಲ್ಲಿ ಗಂಟುಕಟ್ಟಿದ ಜಾಗವನ್ನು ಹುಡುಕಿ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಬಂದಿತು. ನಿಮಿಷದ ನಂತರ ಗಂಟು ಸಡಿಲಾದುದು ನನಗೇ ತಿಳಿಯಿತು. ಕೊನೆಗೆ ಹೆಬ್ಬೆರಳನ್ನು ಕೆಳದವಡೆಯ ಹಲ್ಲುಗಳ ಮೇಲಿಟ್ಟು ದವಡೆಯನ್ನು ಮೆಲ್ಲಗೆ ಕೆಳಕ್ಕೂ ಮುಂದಕ್ಕೂ ಎಳೆದಳು.

ಮರುವಾರ ನಾನು ಸುಮ್ಮನಿರಲಾರದೆ, ಚರಕಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿ ಹನುಗ್ರಹಕ್ಕೆ ಚಿಕಿತ್ಸೆ ಇದೆಯೆಂದೂ, ತೆರೆದ ಬಾಯಿ ತೆರೆದೇ ನಿಂತಾಗ ದವಡೆಗೆ ಶಾಖ ಕೊಟ್ಟು, ಹೆಬ್ಬೆರಳುಗಳಿಂದ ಒತ್ತಿ, ಗದ್ದವನ್ನು ಮೇಲೆತ್ತಬೇಕೆಂದು ಹೇಳಿದೆಯೆಂದೂ ಅವಳಿಗೆ ವಿವರಿಸಿದೆ. ನನ್ನದು ಮುಚ್ಚಿ ನಿಂತ ಬಾಯಿ, ಅದು ಬೇರೆ; ಆದರೂ ಶಾಖ ಮತ್ತು ಹೆಬ್ಬೆರಳಿನ ಕ್ರಮವು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ನನಗೆ ಹೆಮ್ಮೆ. ಅವಳು ಕೈ ಬಿಡದೆಯೇ ಕೇಳಿಸಿಕೊಂಡು, “ಎಲ್ಲಾ ಗೊತ್ತಿತ್ತಲ್ಲ ಅಜ್ಜಾರ, ಹಂಗಾರ ಹಲ್ಲು ಯಾಕ ಕೀಳಿಸಿದ್ರಿ?” ಎಂದಳು. ಗ್ರಂಥವನ್ನು ಓದಿದವನಿಗೂ ಅದನ್ನು ಕೈಯಿಂದ ಕಲಿತವರಿಗೂ ಇರುವ ಅಂತರವನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಅವಳು ಕೊಟ್ಟ ಪಾಠಗಳು ಹೀಗಿದ್ದವು. ಮೊದಲನೆಯದು ವಿಶ್ರಾಂತಿಯ ಸ್ಥಿತಿ. ತುಟಿಗಳು ಕೂಡಿರಬೇಕು, ಹಲ್ಲುಗಳು ಬಿಟ್ಟಿರಬೇಕು, ನಾಲಗೆಯ ತುದಿ ಮೇಲೆ ತಾಗಿರಬೇಕು. “ನ ಅನ್ರಿ, ನಾಲಗಿ ಎಲ್ಲಿ ಹತ್ತತೈತಿ ಅಲ್ಲೇ ಇಡ್ರಿ” ಎಂದಳು. ನಕಾರವು ದಂತ್ಯವರ್ಣ, ಅಲ್ಲಿ ನಾಲಗೆ ಹಲ್ಲಿಗೇ ತಾಗುವುದು. ನೀನು ಹೇಳುವ ಸ್ಥಾನ ಅದರ ಹಿಂದಿನ ದಂತಮೂಲ ಎಂದು ನಾನು ತಿದ್ದಿದೆ. “ಆತು, ಹಲ್ಲಿನ ಬುಡಕ್ಕ ಇಡ್ರಿ” ಎಂದು ಅವಳು ಒಪ್ಪಿಕೊಂಡಳು. ನಾನು ಗೆದ್ದ ವಾದ ಅದೊಂದೇ. ಎರಡನೆಯದು, ನಾಲಗೆಯನ್ನು ಅಂಗುಳಿಗೆ ಒತ್ತಿಕೊಂಡೇ ಬಾಯಿಯನ್ನು ತೆರೆದು ಮುಚ್ಚುವುದು. ನಾಲಗೆಯು ಕಡಿವಾಣವಾಗಿ ಕೀಲು ಅತಿಯಾಗಿ ಜಾರದಂತೆ ತಡೆಯುತ್ತದೆ. ಮೂರನೆಯದು, ಕನ್ನಡಿಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಗದ್ದವು ಆ ಗೆರೆಯಿಂದ ಆಚೀಚೆ ಸರಿಯದಂತೆ ಬಾಯಿ ತೆರೆಯುವುದು. ನಾಲ್ಕನೆಯದು, ಗದ್ದದ ಕೆಳಗೆ, ಬಳಿಕ ಎಡಬಲಗಳಲ್ಲಿ ಎರಡು ಬೆರಳಿಟ್ಟು ಹಗುರವಾಗಿ ಎದುರೊತ್ತುತ್ತಿರುವಾಗ ದವಡೆಯನ್ನು ಕದಲದಂತೆ ಹಿಡಿಯುವುದು. ಐದನೆಯದು, ಮುಂದಿನ ಹಲ್ಲುಗಳ ಮೇಲೆ ಬೆರಳುಗಳಿಟ್ಟು ನೋವಿನ ಅಂಚಿನವರೆಗೆ ಮಾತ್ರ ಮೆಲ್ಲನೆ ಹಿಗ್ಗಿಸುವುದು. ಆರನೆಯದು ಕುತ್ತಿಗೆಯದು: ಗದ್ದವನ್ನು ಹಿಂದಕ್ಕೆ ತಂದು ಹೆಗಲನ್ನು ಹಿಂದೆಳೆಯುವುದು. ಪ್ರತಿಯೊಂದನ್ನೂ ಆರು ಸಲ, ದಿನಕ್ಕೆ ಆರು ಹೊತ್ತು. ಚಿಲಿ ದೇಶದ ಮಾರಿಯಾನೊ ರೊಕಬಾಡೊ ಎಂಬ ಫಿಜಿಯೋಥೆರಪಿ ತಜ್ಞರು ರೂಢಿಗೆ ತಂದ ಆರು ಆರರ ಕ್ರಮವನ್ನೇ ನನ್ನ ಸ್ಥಿತಿಗೆ ಹೊಂದಿಸಿ ಹೇಳಿದ್ದೆಂದಳು. ಯಾರ ಕೀಲಿಗೆ ಯಾವುದು ಯೋಗ್ಯವೆಂಬುದನ್ನು ಕಣ್ಣಾರೆ ನೋಡಿದ ಚಿಕಿತ್ಸಕರೇ ನಿರ್ಧರಿಸಬೇಕು; ಈ ಲೇಖನವನ್ನು ಓದಿ ಯಾರೂ ತಾವೇ ಆರಂಭಿಸಬಾರದು.

ಕುತ್ತಿಗೆಗೂ ದವಡೆಗೂ ಏನು ಸಂಬಂಧವೆಂದು ಕೇಳಿದ್ದಕ್ಕೆ, ನಾನು ಹೇಗೆ ಓದುತ್ತೇನೆಂದು ಕುಳಿತು ತೋರಿಸಲು ಹೇಳಿದಳು. ಬಾಲ್ಯದಲ್ಲಿ ಮಠದಲ್ಲಿ ಕಲಿತಂತೆಯೇ ಚಕ್ಕಳಮಕ್ಕಳ ಹಾಕಿ, ತಗ್ಗು ವ್ಯಾಸಪೀಠದ ಮೇಲೆ ಪುಸ್ತಕವಿಟ್ಟಂತೆ ಬಾಗಿ ಕುಳಿತೆ. ನಾಲ್ಕೈದು ಕಿಲೋ ಭಾರದ ತಲೆಯನ್ನು ಐದು ದಶಕ ಮುಂದಕ್ಕೆ ತೂಗುಹಾಕಿದ್ದರಿಂದ ಕುತ್ತಿಗೆಯ ಸ್ನಾಯುಗಳು ಬಿಗಿದು, ದವಡೆಯ ಸ್ನಾಯುಗಳನ್ನೂ ಬಿಗಿಸಿವೆ ಎಂದಳು. ಮನೆಗೆ ಬಂದು ವ್ಯಾಸಪೀಠವನ್ನು ಒಂದು ಹಳೆಯ ಪೆಟ್ಟಿಗೆಯ ಮೇಲೆ ಏರಿಸಿದೆ. ಗ್ರಂಥವೇ ಕಣ್ಣಿನ ಮಟ್ಟಕ್ಕೆ ಬಂದಿತು. ಊಟದಲ್ಲಿ ಖಡಕ್ ರೊಟ್ಟಿಯ ಬದಲು ಜೋಳದ ನುಚ್ಚು ಮಜ್ಜಿಗೆ, ಮೆತ್ತನೆಯ ಅನ್ನ, ಹಾಲಿನಲ್ಲಿ ನೆನೆಸಿದ ಬಿಸಿ ರೊಟ್ಟಿ. ಆಕಳಿಕೆ ಬಂದರೆ ಗದ್ದಕ್ಕೆ ಮುಷ್ಟಿಯ ಆಧಾರ.

ಇಷ್ಟು ಮಾಡಿದರೂ ಮೂರನೆಯ ವಾರಕ್ಕೆ ಅಳತೆ 29ಕ್ಕೆ ಬಂದು ನಿಂತಿತು. ಅಂದು ಅವಳು ಬೇರೆಯೇ ಪ್ರಶ್ನೆ ಕೇಳಿದಳು. “ಅಜ್ಜಾರ, ರಾತ್ರಿ ಹಲ್ಲು ಕಡಿತೀರೇನು?” ನಾನು ಇಲ್ಲವೆಂದೆ. ಜೊತೆಗೆ ಬಂದಿದ್ದ ಮನೆಯವರು, “ಕಡೀತಾರವಾ, ಎರಡು ವರ್ಷಾತು. ನಿದ್ದಿಯೊಳಗ ಬೀಸೂಕಲ್ಲು ತಿರಿವಿದಂಗ ಆಕ್ಕೈತಿ” ಎಂದರು. “ಎರಡು ವರ್ಷದ ಹಿಂದ ಏನಾಗಿತ್ತರಿ?” ಎಂದು ಆ ಹುಡುಗಿ ಕೇಳಿದಳು. ಮನೆಯವರು ನನ್ನ ಮುಖ ನೋಡಿದರು. ನಾನು ಗೋಡೆಯ ಚಿತ್ರ ನೋಡಿದೆ.

2021ರಲ್ಲಿ ನಮ್ಮ ತಂದೆಯವರ ಹೊಲದ ಪಾಲಾಯಿತು. ಹಿರಿಯರೆದುರಿಗೆ ನನ್ನ ತಮ್ಮನು, “ಮಠದ ಅನ್ನ ಉಂಡು ಬೆಳೆದಾಂವ ನೀ. ಒಂದು ದಿನಾ ಗಳೇ ಹೊಡದೀಯೇನು?” ಎಂದುಬಿಟ್ಟನು. ಉತ್ತರಿಸುವುದಕ್ಕೆ ಶಬ್ದಗಳಿಗೇನೂ ನನ್ನಲ್ಲಿ ಬರವಿರಲಿಲ್ಲ. ಆದರೆ ಒಂಬತ್ತರ ಬಾಲಕನಾಗಿ ತಾಯಿಯನ್ನು ಬಿಟ್ಟು ಮಠಕ್ಕೆ ಬಂದ ರಾತ್ರಿ ಅಳುತ್ತಿದ್ದಾಗ, ಹಿರಿಯ ವಿದ್ಯಾರ್ಥಿಯೊಬ್ಬನು ‘ಹಲ್ಲು ಕಚ್ಚಿಕೊಂಡು ಮಲಗು, ಅಳು ನಿಲ್ಲತೈತಿ’ ಎಂದು ಕಲಿಸಿದ್ದ. ಅಂದಿನಿಂದ ಅದೇ ನನ್ನ ವಿದ್ಯೆ. ಪಾಲಿನ ದಿನವೂ ಹಲ್ಲು ಕಚ್ಚಿ ಎದ್ದು ಬಂದೆ. ತಮ್ಮನೊಡನೆ ಮಾತು ನಿಂತಿತು. ಅದನ್ನು ಸಹನೆಯೆಂದು ನಾನು ತಿಳಿದಿದ್ದೆ. ಜನರೂ ಹಾಗೆಯೇ ಕೊಂಡಾಡಿದರು. ಸಹನೆಯಾಗಿದ್ದರೆ ಮನಸ್ಸಿನಲ್ಲಿ ಕರಗಬೇಕಿತ್ತು; ಅದು ಕರಗದೆ ಪ್ರತಿ ರಾತ್ರಿ ದವಡೆಯಲ್ಲಿ ಬೀಸುತ್ತಿತ್ತು. ಹಲ್ಲು ಕಚ್ಚಿ ಸಹಿಸುವುದು ಎಂಬ ನಮ್ಮ ನುಡಿಗಟ್ಟು ಬರಿಯ ನುಡಿಗಟ್ಟಲ್ಲವೆಂದು ನನಗೆ ಅಂದು ಅರ್ಥವಾಯಿತು.

ಹಗಲಿನಲ್ಲಿಯೂ ತಿಳಿಯದೆ ಹಲ್ಲು ಕಚ್ಚುವೆನೆಂದು ಕಂಡುಕೊಂಡು, ಅವಳು ಒಂದು ಉಪಾಯ ಹೇಳಿದಳು. ಮನೆಯವರ ಹಣೆಗೆ ಹಚ್ಚುವ ಟಿಕಳಿಗಳನ್ನು ಗಡಿಯಾರಕ್ಕೆ, ಪುಸ್ತಕದ ಕಪಾಟಿಗೆ, ಬಾಗಿಲಿಗೆ, ವ್ಯಾಸಪೀಠಕ್ಕೆ ಅಂಟಿಸಬೇಕು. ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಬಿಟ್ಟಿವೆಯೇ ಎಂದು ನೋಡಿಕೊಳ್ಳಬೇಕು. ಮೊದಲ ದಿನ ಹತ್ತು ಸಲ ನೋಡಿದರೆ ಒಂಬತ್ತು ಸಲ ಕಚ್ಚಿದ್ದವು. ಮನೆಗೆ ಬಂದವರು ಇದೇನು ಹೊಸ ಪೂಜೆ ಎಂದು ಕೇಳಿದರು. ಒಂದು ಟಿಕಳಿಯನ್ನು ಮೊಮ್ಮಗಳು ದೂರವಾಣಿಗೂ ಅಂಟಿಸಿದ್ದಳು. ಅದನ್ನು ನೋಡಿದಾಗಲೆಲ್ಲ ದವಡೆಯ ಜೊತೆಗೆ ತಮ್ಮನೂ ನೆನಪಾಗುತ್ತಿದ್ದ.

ಆ ವರ್ಷ ಅಧಿಕ ಶ್ರಾವಣ ಬಂದದ್ದು ನನ್ನ ಪುಣ್ಯ. ಜುಲೈ 18ರಿಂದ ಅಧಿಕಮಾಸವಾಗಿ, ನಿಜಶ್ರಾವಣವು ಆಗಸ್ಟ್ 17ಕ್ಕೆ ಆರಂಭವಾಯಿತು. ಪಂಚಾಂಗವು ನನಗೆ ಒಂದು ತಿಂಗಳ ಸಾಲ ಕೊಟ್ಟಿತು. ಆರನೆಯ ವಾರಕ್ಕೆ ಅಳತೆ 36, ಒಂಬತ್ತನೆಯ ವಾರಕ್ಕೆ 39. ಗಾದಿಯು ತನ್ನ ಹಳೆಯ ಸ್ಥಾನಕ್ಕೆ ಮರಳಿತೆಂದು ಯಾರೂ ಹೇಳಲಿಲ್ಲ. ಮರಳದಿದ್ದರೂ ಸುತ್ತಲಿನ ಅಂಗಾಂಶಗಳು ಹೊಂದಿಕೊಂಡು ಕೀಲು ನಡೆಯಬಲ್ಲದೆಂದರು.

ಆದರೆ ಅಳತೆ ಏರತೊಡಗಿದ್ದು ಒಂದು ದೂರವಾಣಿಯ ಕರೆಯ ನಂತರ ಎಂಬುದನ್ನು ಮುಚ್ಚಿಡಲಾರೆ. ಜುಲೈ ಎರಡನೆಯ ವಾರದ ಒಂದು ಸಂಜೆ ತಮ್ಮನಿಗೆ ಫೋನು ಮಾಡಿದೆ. ಆಡಬೇಕೆಂದು ಸಿದ್ಧಮಾಡಿಕೊಂಡ ಮಾತುಗಳೆಲ್ಲ ಮರೆತವು. “ನೀ ಹೇಳಿದ್ದು ಖರೇ ಐತೆಪಾ. ನಾ ಗಳೇ ಹೊಡೀಲಿಲ್ಲ. ಹೊಡೆದಾಂವ ನೀನು” ಎಂದಷ್ಟೇ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ, “ಅಣ್ಣಾ, ನಿನ್ನ ಮಾತು ಯಾಕ ತೊದಲತೈತಿ? ಆರಾಮ ಇಲ್ಲೇನು?” ಎಂದು ಕೇಳಿದನು. ಎರಡು ವರ್ಷ ನನ್ನ ದನಿ ಕೇಳದವನಿಗೂ ಆ ದನಿಯ ವ್ಯತ್ಯಾಸ ತಿಳಿಯಿತು. ಹೊಲದ ಬದುವಿನ ತಕರಾರು ಇಂದಿಗೂ ಕಾಗದದಲ್ಲಿ ಮುಗಿದಿಲ್ಲ, ಮುಗಿದಾಗ ಮುಗಿಯಲಿ. ಮಾತು ಮಾತ್ರ ನಡೆದಿದೆ. ಆ ವರ್ಷದ ಪಂಚಮಿಗೆ ಅವನ ಮನೆಯಿಂದ ಉಂಡಿಗಳ ಡಬ್ಬಿ ಬಂದಿತು. ಶೇಂಗಾದ ಉಂಡಿಯನ್ನು ಪುಡಿಮಾಡಿ ಹಾಲಿನಲ್ಲಿ ಕಲಸಿ ಉಂಡೆ.

ಪ್ರವಚನಕ್ಕೆ ಹೋದೆ. ಒಂದೂವರೆ ತಾಸು ಗುಡುಗುತ್ತಿದ್ದವನು ನಲವತ್ತು ನಿಮಿಷಕ್ಕೆ ಮುಗಿಸಬೇಕೆಂದು ನನ್ನ ಮಾಸ್ತರಳ ಅಪ್ಪಣೆಯಾಗಿತ್ತು. ಧ್ವನಿವರ್ಧಕವನ್ನು ಹತ್ತಿರ ಇಟ್ಟುಕೊಂಡು, ಮೆಲುದನಿಯಲ್ಲಿ, ಹತ್ತು ನಿಮಿಷಕ್ಕೊಮ್ಮೆ ನಿಂತು, ಗುಟುಕು ನೀರು ಕುಡಿದು ಮಾತಾಡಿದೆ. ಕೊನೆಯ ದಿನ ಒಬ್ಬ ವೃದ್ಧ ತಾಯಿ ಬಂದು, “ಈ ಸಲ ನಿಮ್ಮ ಮಾತು ಪೂರಾ ತಿಳೀತ್ರಿ ಅಜ್ಜಾರ” ಎಂದರು. ಇಪ್ಪತ್ತು ವರ್ಷ ನಾನು ಎಷ್ಟು ಕೂಗಾಡಿರಬೇಕೆಂದು ಲೆಕ್ಕ ಹಾಕಿಕೊಂಡೆ.

ಅದೇ 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯು ಈ ನೋವಿನ ಚಿಕಿತ್ಸೆಗೆ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಬಹುಕಾಲದ ನೋವಿಗೆ ಚಿಕಿತ್ಸಕರ ಕಣ್ಗಾವಲಿನ ದವಡೆಯ ವ್ಯಾಯಾಮ, ಕೈಯಿಂದ ಕೀಲನ್ನು ಸಡಿಲಿಸುವುದು, ಸ್ನಾಯುವಿನ ಗಂಟುಗಳನ್ನು ಒತ್ತುವುದು, ಕುಳಿತು ನಿಲ್ಲುವ ಭಂಗಿಯ ವ್ಯಾಯಾಮ, ಮನಸ್ಸಿನ ಮತ್ತು ರೂಢಿಯ ತಿದ್ದುಪಡಿಗೆ ನೆರವಾಗುವ ಮಾತಿನ ಚಿಕಿತ್ಸೆ ಇವುಗಳನ್ನು ಅದು ಬಲವಾಗಿ ಸೂಚಿಸಿದೆ. ಹಲ್ಲಿನ ಕಚ್ಚನ್ನು ಶಾಶ್ವತವಾಗಿ ಬದಲಿಸುವ ಸಾಧನ, ಗಾದಿಯನ್ನು ತೆಗೆದುಹಾಕುವ ಶಸ್ತ್ರಕ್ರಿಯೆ ಇವು ಬೇಡವೆಂದು ಅಷ್ಟೇ ಬಲವಾಗಿ ಹೇಳಿದೆ. ಒಮ್ಮೆ ಮಾಡಿದರೆ ಹಿಂತಿರುಗಿಸಲಾಗದ್ದನ್ನು ಮೊದಲೇ ಮಾಡಬಾರದು ಎಂಬುದು ಅದರ ಸಾರವೆಂದು ನಾನು ತಿಳಿದೆ. ನನ್ನ ಬಾಯಲ್ಲಿ ಹಲ್ಲಿಲ್ಲದ ಜಾಗವು ಅದಕ್ಕೆ ಸಾಕ್ಷಿ ನುಡಿಯುತ್ತದೆ.

ಪಾಣಿನೀಯ ಶಿಕ್ಷೆಯಲ್ಲಿ ಅಕ್ಷರಗಳನ್ನು ಉಚ್ಚರಿಸುವ ಬಗೆಗೆ ಹೆಣ್ಣುಹುಲಿಯ ಉಪಮೆಯೊಂದು ಬರುತ್ತದೆ. ಅದು ತನ್ನ ಮರಿಗಳನ್ನು ಹಲ್ಲಿನಲ್ಲಿಯೇ ಹಿಡಿದು ಒಯ್ಯುತ್ತದೆ. ಬೀಳಿಸುವುದೂ ಇಲ್ಲ, ನೋಯಿಸುವುದೂ ಇಲ್ಲ. ಮೂವತ್ತೆರಡು ವರ್ಷ ಆ ಉಪಮೆಯನ್ನು ಮಕ್ಕಳಿಗೆ ಹೇಳಿದೆ. ಹಿಡಿದಿರಬೇಕು, ಕಚ್ಚಬಾರದು ಎಂಬ ಆ ಹದವು ಅಕ್ಷರಗಳಿಗೆ ಮಾತ್ರ ಅನ್ವಯಿಸುವುದೆಂದು ನಾನು ಭಾವಿಸಿದ್ದೆ. ಸಂಬಂಧಗಳಿಗೂ ಸಲ್ಲುವುದೆಂದು ತಿಳಿಯಲು ದವಡೆ ಕಟ್ಟಬೇಕಾಯಿತು.

ಈಗಲೂ ಬೆಳಿಗ್ಗೆ ಸಂಜೆ ವ್ಯಾಯಾಮ ತಪ್ಪಿಸಿಲ್ಲ. ಚಳಿಗಾಲದಲ್ಲಿ ಎಡಗೀಲು ಸ್ವಲ್ಪ ಗೊಣಗುತ್ತದೆ. ಬಿಸಿ ವಸ್ತ್ರ ಇಟ್ಟರೆ ಸುಮ್ಮನಾಗುತ್ತದೆ. ಗಡಿಯಾರದ ಮೇಲಿನ ಟಿಕಳಿ ಬಣ್ಣ ಮಾಸಿದೆ, ಆದರೂ ತೆಗೆದಿಲ್ಲ. ಇಷ್ಟು ಹೊತ್ತು ಓದಿದ ಬಂಧುಗಳು ಒಂದು ಕ್ಷಣ ತಮ್ಮ ಹಲ್ಲುಗಳು ಕಚ್ಚಿವೆಯೋ ಬಿಟ್ಟಿವೆಯೋ ನೋಡಿಕೊಳ್ಳಲಿ. ಕಚ್ಚಿದ್ದರೆ ಬಿಡಲಿ. ಯಾವುದಕ್ಕಾಗಿ ಕಚ್ಚಿದ್ದವೆಂಬುದನ್ನು ಅನಂತರ ನಿಧಾನವಾಗಿ ವಿಚಾರಿಸಿಕೊಳ್ಳಬಹುದು.